ಹಳೆಯ ಬೈಕಿನ ವೈರಿಂಗ್ ದೋಷ ಹುಡುಕಲು ಟೆಸ್ಟ್ ಲ್ಯಾಂಪೋ, ಮಲ್ಟಿಮೀಟರೋ?

ಹಳೆಯ ಬೈಕಿನ ಹೆಡ್‌ಲೈಟ್ ಮಂಕಾದಾಗ ಅಥವಾ ಹಾರ್ನ್ ಒಮ್ಮೆ ಕೂಗಿ ಮತ್ತೊಮ್ಮೆ ಸುಮ್ಮನಾದಾಗ, ದೋಷ ಹುಡುಕಲು ಈ ಎರಡರಲ್ಲಿ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ.

ಟೆಸ್ಟ್ ಲ್ಯಾಂಪ್, ಅಂದರೆ ಎರಡು ತಂತಿ ಬೆಸೆದ ಬಲ್ಬು, ತಾನೇ ಕರೆಂಟ್ ಎಳೆಯುತ್ತದೆ; ಅದೇ ಅದರ ಬಲ. ಕಿಲುಬು ಹಿಡಿದು ಹಸಿರುಗಟ್ಟಿದ ಕನೆಕ್ಟರಿನಾಚೆಗೂ, ಲೋಡ್ (ಕರೆಂಟ್ ಎಳೆಯುವ ಬಲ್ಬು, ಹಾರ್ನಿನಂಥದ್ದು) ಇಲ್ಲದಿರುವಾಗ, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ 12 ವೋಲ್ಟ್ ತೋರಿಸಿ ದಾರಿ ತಪ್ಪಿಸಬಹುದು, ಆದರೆ ಅಲ್ಲಿ ಲ್ಯಾಂಪ್ ಮಂಕಾಗಿ ಉರಿದು ನಿಜ ಹೇಳುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಯೂನಿಟ್ಟಿನ ತಂತಿಗಳಿಗೆ ಮಾತ್ರ ಲ್ಯಾಂಪನ್ನು ಮುಟ್ಟಿಸಬಾರದು.

ಮಲ್ಟಿಮೀಟರ್ ದೋಷವನ್ನು ಅಳೆದು ಹೇಳುತ್ತದೆ. ಬ್ಯಾಟರಿಯಿಂದ ಉರಿಯುವ ಹೆಡ್‌ಲೈಟನ್ನು ಹಾಕಿಟ್ಟು, ಒಂದು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಹೆಡ್‌ಲೈಟಿನ ಅರ್ಥ್ ತಂತಿಗೂ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ, ಅರ್ಥ್ ಬೋಲ್ಟನ್ನು ಬಿಚ್ಚಿ, ಅದರಡಿಯ ಪೇಂಟು ಮತ್ತು ತುಕ್ಕನ್ನು ಉಜ್ಜಿ ತೆಗೆಯಬೇಕು. ಅನೇಕ ಹಳೆಯ ಬೈಕುಗಳಲ್ಲಿ ಹೆಡ್‌ಲೈಟಿಗೆ, ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋದಿಂದ ನೇರವಾಗಿ ಎಸಿ ಕರೆಂಟ್ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಬರುವುದರಿಂದ, ಅಲ್ಲಿ ಮೀಟರನ್ನು ಎಸಿಗೆ ತಿರುಗಿಸದಿದ್ದರೆ ಓದು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.

ಒಂದನ್ನೇ ಕೊಳ್ಳುವುದಾದರೆ ನಾನು ಮಲ್ಟಿಮೀಟರನ್ನೇ ಸೂಚಿಸುತ್ತೇನೆ. ಚಾರ್ಜಿಂಗ್ ಸರಿಯಿದೆಯೇ ಎಂಬುದನ್ನು ಅಳೆದು ಹೇಳುವುದು ಅದೊಂದೇ, ಟೆಸ್ಟ್ ಲ್ಯಾಂಪನ್ನಾದರೋ ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದು ಮನೆಯಲ್ಲೇ ಮಾಡಿಕೊಳ್ಳಬಹುದು.