ಟ್ರಿಪ್ಲಿಕೇಟ್ ಬಿಲ್ ಬುಕ್: ಬಿಳಿ ಚೆನ್ನ, ಗುಲಾಬಿ ಪರವಾಗಿಲ್ಲ, ಹಳದಿ ಮಂಕು

ನಮ್ಮದು ಡೊಂಬಿವಲಿಯಲ್ಲಿ ಸಣ್ಣ ಮಸಾಲೆ ಪುಡಿ ವ್ಯಾಪಾರ. ಸಾಂಬಾರು ಪುಡಿ, ಸಾರಿನ ಪುಡಿ, ಠಾಣೆಯಿಂದ ಮಾಟುಂಗಾವರೆಗೆ ಊರ ಕಡೆಯವರ ಹೋಟೆಲುಗಳಿಗೆ ಟೆಂಪೋದಲ್ಲಿ ಹೋಗುತ್ತದೆ. ಇಳಿಸುವ ಜಾಗದಲ್ಲಿ ನಿಂತು ಬರೆಯಲು ಕೈಬಿಲ್ಲೇ ಸಲೀಸು. ಈ ಸಲ ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಕಾರ್ಬನ್‌ಲೆಸ್ ಪುಸ್ತಕ, ಅಂದರೆ ನಡುವೆ ಕಾರ್ಬನ್ ಹಾಳೆ ಇಡದೆಯೇ ಪ್ರತಿ ಮೂಡುವ ಬಿಲ್ ಬುಕ್, ಮಾಡಿಸಿದೆ.

‘ಟ್ರಿಪ್ಲಿಕೇಟ್’ ಅಂದರೆ ಪುಸ್ತಕ ಮಾಡುವ ಅಂಗಡಿಯವರಿಗೆ ಮೂರು ಹಾಳೆಯ ಸೆಟ್: ಮೇಲೆ ಬಿಳಿ, ನಡುವೆ ಗುಲಾಬಿ, ಕೆಳಗೆ ಹಳದಿ. ಬಿಲ್ಲಿನ ತಲೆಯಲ್ಲಿ ಮಾತ್ರ ಅದು ಮೂರನೇ ಹಾಳೆಯ ಹೆಸರು. ಜಿಎಸ್‌ಟಿ ನಿಯಮದಲ್ಲಿ ಸರಕಿನ ಬಿಲ್ಲಿಗೆ ಮೂರು ಪ್ರತಿ: ಒರಿಜಿನಲ್ ಕೊಂಡವರಿಗೆ, ಡೂಪ್ಲಿಕೇಟ್ ಸಾಗಿಸುವವರಿಗೆ, ಟ್ರಿಪ್ಲಿಕೇಟ್ ಮಾರಿದವರಿಗೆ. ಸೇವೆ ಕೊಡುವವರಿಗೆ ಎರಡೇ ಸಾಕು. ಕೇಟರಿಂಗ್ ಮಾಡುವ ನನ್ನ ಭಾವನೂ ಮೂರರದ್ದೇ ಮಾಡಿಸಿಕೊಂಡಿದ್ದಾನೆ, ಸುಮ್ನೆ ದುಡ್ಡು ದಂಡ. ಬಿಲ್ ನಂಬರು 16 ಅಕ್ಷರ ದಾಟಬಾರದು. ವರ್ಷ, ಊರು, ಹೆಸರು ಎಲ್ಲಾ ತುರುಕಲು ಹೋಗಬೇಡಿ.

ಈಗ ಪುಸ್ತಕದ ವಿಷಯ. ಬಿಳಿ ಹಾಳೆಯ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಣ್ಣದ ಗುಳಿಗೆಗಳ ಲೇಪ ಇರುತ್ತದೆ. ಪೆನ್ನಿನ ಒತ್ತಡಕ್ಕೆ ಅವು ಒಡೆದು, ಕೆಳಗಿನ ಹಾಳೆಯ ಲೇಪ ತಾಗಿದಾಗ ಅಕ್ಷರ ಮೂಡುತ್ತದೆ. ಕೈಗೆ ಮಸಿ ಇಲ್ಲ, ಹಾಳೆ ಜಾರುವುದಿಲ್ಲ. ಮಸಾಲೆ ಕೈಯಲ್ಲಿ ಕಾರ್ಬನ್ ಹಿಡಿದವರಿಗೆ ಇದರ ಸುಖ ಗೊತ್ತು. ಆದರೆ ಎಲ್ಲಾ ಆಟ ಒತ್ತಡದ್ದೇ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಗುಲಾಬಿ ಸ್ಪಷ್ಟ, ಹಳದಿ ಓದುವಷ್ಟು. ಹೋಟೆಲಿನ ಕೌಂಟರಿನವರು ಜೇಬಿನಿಂದ ಜೆಲ್ ಪೆನ್ ತೆಗೆದು ಸಹಿ ಹಾಕಿದರೆ ಬಿಳಿ ಹಾಳೆಯಲ್ಲಿ ಸಹಿ ಮಿಂಚುತ್ತದೆ, ನನ್ನ ಹಳದಿಯಲ್ಲಿ ಏನೂ ಇಲ್ಲ! ಮಾಲು ಮುಟ್ಟಿದ್ದಕ್ಕೆ ಸಹಿ ಬೇಕಾದದ್ದು ನನಗೆ ಅಲ್ವಾ? ಈಗ ಪುಸ್ತಕಕ್ಕೇ ದಾರದಲ್ಲಿ ಬಾಲ್ ಪೆನ್ ಕಟ್ಟಿದ್ದೇನೆ. ಹಿಂದಿನ ರಟ್ಟನ್ನು ಮಡಚಿ ಸೆಟ್ಟಿನ ಕೆಳಗೆ ಇಡದಿದ್ದರೆ ಈ ಬಿಲ್ಲಿನ ಲೆಕ್ಕ ಮುಂದಿನ ಬಿಲ್ಲಿನ ಮೇಲೂ ಇಳಿಯುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಮೂರರಲ್ಲಿ ಎಲ್ಲಕ್ಕಿಂತ ಮಂಕಾದ ಹಾಳೆಯನ್ನೇ ನಾನು ಎಲ್ಲರಿಗಿಂತ ಜಾಸ್ತಿ ಕಾಲ ಕಾಪಾಡಬೇಕು. ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನಾಂಕದಿಂದ 72 ತಿಂಗಳು ದಾಖಲೆ ಇಡಬೇಕು ಅನ್ನುತ್ತದೆ ಕಾನೂನು. ಬಿಸಿಲು ಬಿದ್ದರೆ ಈ ಅಕ್ಷರ ಮಾಸುತ್ತದೆ, ಪಿವಿಸಿ ಫೋಲ್ಡರಿಗೂ ಇದಕ್ಕೂ ಆಗಿಬರುವುದಿಲ್ಲ. ಇಲ್ಲಿನ ಮಳೆಗಾಲದ ಥಂಡಿ ಬೇರೆ. ನಾನು ಕಾಗದದ ಫೈಲಿನಲ್ಲಿ ಹಾಕಿ ಕಪಾಟಿನ ಮೇಲಿನ ಖಾನೆಯಲ್ಲಿ ಇಡುತ್ತೇನೆ, ದಿನದ ಕೊನೆಗೆ ಮೊಬೈಲಿನಲ್ಲಿ ಫೋಟೋ ಕೂಡ.

ಅಂಗಡಿಯ ಕೆಲಸದ ಬಗ್ಗೆ: ನಂಬರಿಂಗ್ ನೇರ, ಮೂರೂ ಹಾಳೆಯಲ್ಲಿ ಒಂದೇ ನಂಬರು. ಹೇಳಿದ ದಿನಕ್ಕೆ ಕೊಟ್ಟರು. ಹಾಳೆ ಹರಿಯಲು ಹಾಕಿದ ತೂತಿನ ಗೆರೆ ಮಾತ್ರ ಕೆಟ್ಟದ್ದು. ಬಿಳಿ ಕಿತ್ತರೆ ಗುಲಾಬಿಯ ಮೂಲೆಯೂ ಜೊತೆಗೆ ಬರುತ್ತದೆ. ಕಾರ್ಬನ್ ಇಡುವ ಪುಸ್ತಕಕ್ಕಿಂತ ರೇಟು ಜಾಸ್ತಿ, ಆದರೂ ಮತ್ತೆ ಇದನ್ನೇ ಮಾಡಿಸುತ್ತೇನೆ. ಆರ್ಡರ್ ಕೊಡುವ ಮೊದಲು ಸ್ಯಾಂಪಲ್ ಸೆಟ್ ಕೇಳಿ, ನಿಮ್ಮದೇ ಪೆನ್ನಿನಲ್ಲಿ ಬರೆದು, ಮೂರನೇ ಹಾಳೆಯನ್ನು ಮೊದಲು ನೋಡಿ.