ಮೂರು ವರ್ಷದ ಗ್ಲುಕೋಮೀಟರ್: ಬೆಳಗಿನ ಅಂಕಿ ಬಿಟ್ಟೆ, ಊಟದ ಜೋಡಿ ಅಂಕಿ ಹಿಡಿದೆ

ನಾನು ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ವಯಸ್ಸು 52. ಬೆರಳು ಚುಚ್ಚಿ ರಕ್ತದ ಸಕ್ಕರೆ (ಶುಗರ್) ನೋಡುವ ಈ ಗ್ಲುಕೋಮೀಟರ್ ತಗೊಂಡದ್ದು 2022ರ ಫೆಬ್ರುವರಿಯಲ್ಲಿ. ಮೂರು ವರ್ಷಕ್ಕೂ ಮೇಲಾಯಿತು, ಇವತ್ತಿಗೂ ಅದೇ ಮೀಟರ್ ನಡೆಯುತ್ತಿದೆ. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಮೀಟರಿಗೂ ಹೊಂದುತ್ತದೆ. ತಗೊಂಡ ವಾರಕ್ಕೇ ಬರೆದ ವಿಮರ್ಶೆಗಳಲ್ಲಿ "ಅಕ್ಷರ ದೊಡ್ಡದಿದೆ, ಐದು ಸೆಕೆಂಡಿಗೆ ಉತ್ತರ ಬರುತ್ತದೆ" ಅಂತ ಇರುತ್ತದೆ. ಅದೆಲ್ಲ ನಿಜ. ಆದರೆ ಆರನೇ ತಿಂಗಳಿಗೆ ಬೆರಳು ಚುಚ್ಚಿಕೊಳ್ಳುವ ಮನಸ್ಸು ಎಲ್ಲಿಂದ ತರಬೇಕು? ನನಗೆ ಬೇಕಾಗಿದ್ದು ಆ ಮಾತು. ಹಾಗಾಗಿ ಅದನ್ನೇ ಬರೆಯುತ್ತೇನೆ.

ಶುರುವಿನಲ್ಲಿ ನನ್ನ ತೂಕ 88 ಕೆಜಿ, ಎತ್ತರ ಐದು ಅಡಿ ಆರು ಇಂಚು. ರಕ್ತದ ಶುಗರಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡ 9.1 ಬಂದಿತ್ತು. 6.5 ಅಥವಾ ಅದಕ್ಕಿಂತ ಮೇಲಿದ್ದರೆ ಡಯಾಬಿಟಿಸ್ ಅನ್ನುತ್ತಾರೆ. ಡಾಕ್ಟರ್ ಶುಗರ್ ಇಳಿಸುವ ಎರಡು ಗುಳಿಗೆ ಕೊಟ್ಟರು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ನಡೆಯಿರಿ, ತೂಕ ಇಳಿಸಿ, ಮನೆಯಲ್ಲೇ ಶುಗರ್ ನೋಡಿಕೊಳ್ಳಿ ಅಂದರು. ನಾನು ಲೆಕ್ಕದ ಮನುಷ್ಯ. ಅಂಕಿ ಕೈಗೆ ಸಿಕ್ಕರೆ ಉಳಿದದ್ದು ತಾನೇ ಆಗುತ್ತದೆ ಅಂದುಕೊಂಡೆ.

ಆಗಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ. ರಾತ್ರಿ ಒಂದೇ ರೊಟ್ಟಿ ತಿಂದು, ಮಜ್ಜಿಗೆ ಕುಡಿದು ಮಲಗಿದ ದಿನ 158 (ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ). ಮದುವೆ ಊಟ ಮಾಡಿ ಬಂದ ಮರುದಿನ 149. ಹೀಗಾದರೆ ಯಾರಿಗೆ ಹುಮ್ಮಸ್ಸು ಉಳಿಯುತ್ತದೆ ಹೇಳಿ? ಉಪವಾಸ ಮಾಡಿದವನಿಗೆ ಶಿಕ್ಷೆ, ಉಂಡವನಿಗೆ ಶಹಬ್ಬಾಸ್ ಸಿಕ್ಕಂತೆ ಅನ್ನಿಸುತ್ತಿತ್ತು. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಕೆಲವು ಹಾರ್ಮೋನುಗಳು ಏರುತ್ತವೆ. ಆಗ ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ನಮ್ಮಂಥವರಲ್ಲಿ ಅಷ್ಟು ಆಗುವುದಿಲ್ಲ. ಅಂದರೆ ಬೆಳಗಿನ ಅಂಕಿ ನಿನ್ನೆಯ ಊಟವೊಂದರದ್ದೇ ಅಲ್ಲ. ಅದು ಇಳಿಯುತ್ತದೆ, ಆದರೆ ನಿಧಾನಕ್ಕೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಇದು ಮೊದಲೇ ಗೊತ್ತಿದ್ದರೆ ನಾನು ಎಷ್ಟೋ ಮುಂಜಾವುಗಳನ್ನು ಕೆಡಿಸಿಕೊಳ್ಳುತ್ತಿರಲಿಲ್ಲ.

ದಾರಿ ತೋರಿಸಿದ್ದು ನನ್ನ ಹೆಂಡತಿ. ಒಂದು ದಿನ ಬೇಸರದಿಂದಲೇ ಅಂದಳು: "ಏನ್ರೀ, ದಿನಾ ಮುಂಜಾನಿ ಆ ಮಶೀನ್ ನೋಡಿ ಮಾರಿ ಸಣ್ಣ ಮಾಡ್ಕೊಂಡು ಕುಂದರ್ತೀರಿ. ನಾ ಏನ್ ಮಾಡಿ ಹಾಕಿದ್ರ ಕಮ್ಮಿ ಬರ್ತದ ಅಂತ ಅದನ್ನೇ ಕೇಳ್ರಿ."

ಅಲ್ಲಿಂದ ಮೀಟರನ್ನು ಬಳಸುವ ರೀತಿಯೇ ಬದಲಾಯಿತು. ಊಟಕ್ಕೆ ಕೂರುವ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು ಸಲ. ಎರಡೂ ಅಂಕಿ ಒಂದೇ ಸಾಲಿನಲ್ಲಿ, ಪಕ್ಕದಲ್ಲಿ ಏನು ತಿಂದೆ, ಎಷ್ಟು ನಡೆದೆ. ಮಿಲ್‌ನಲ್ಲಿ ಬಳಸುವಂಥದ್ದೇ ಒಂದು ಉದ್ದನೆಯ ಕಿರ್ದಿ, ಅಂದರೆ ಲೆಕ್ಕದ ಪುಸ್ತಕ ತಂದೆ. ಜಮೆ, ಖರ್ಚು ಅನ್ನುವ ಜಾಗದಲ್ಲಿ "ಮುಂಚೆ", "ನಂತರ" ಅಂತ ಬರೆದೆ.

ಮೊದಲ ತಿಂಗಳಲ್ಲೇ ಕಣ್ಣು ತೆರೆಯಿತು. ನಮ್ಮ ಕಡೆ "ಜೋಳದ ರೊಟ್ಟಿ ತಿಂದರೆ ಶುಗರ್ ಏರಲ್ಲ" ಅನ್ನುವ ನಂಬಿಕೆ ಬಹಳ ಗಟ್ಟಿ. ನಾನೂ ಹಾಗೇ ಮೂರು ರೊಟ್ಟಿ ತಿನ್ನುತ್ತಿದ್ದೆ. ಕಿರ್ದಿಯಲ್ಲಿ ಬಂದದ್ದು: ಮುಂಚೆ 128, ನಂತರ 214. ಜೋಳದಲ್ಲಿ ನಾರು ಇದೆ, ಒಳ್ಳೆಯದೇ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 60ರಿಂದ 70 ಗ್ರಾಂನಷ್ಟು ಪಿಷ್ಟವೂ ಇದೆ. ಮುಂದಿನ ವಾರ ಎರಡೇ ರೊಟ್ಟಿ, ಒಂದು ದೊಡ್ಡ ಬಟ್ಟಲು ಗಟ್ಟಿ ಬೇಳೆ, ಪುಂಡಿ ಪಲ್ಯ, ಹಸಿ ಸೌತೆಕಾಯಿ. ಮುಂಚೆ 131, ನಂತರ 176. ಅದೇ ಊಟ ಮಾಡಿ ಇಪ್ಪತ್ತು ನಿಮಿಷ ಓಣಿಯಲ್ಲಿ ನಡೆದ ದಿನ: 126, 158.

ಆ 158 ನೋಡಿದ ರಾತ್ರಿ ನನಗೆ ಇನ್ನೂ ನೆನಪಿದೆ. ಬೆಳಗಿನ 158 ನನ್ನನ್ನು ಕುಗ್ಗಿಸಿತ್ತು. ಈ 158 ಎಬ್ಬಿಸಿ ಕೂರಿಸಿತು. ಈ ಅಂಕಿ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಅಂತ ಡಾಕ್ಟರ್ ಹತ್ತು ಸಲ ಹೇಳಿದ್ದರು. ಎರಡು ಗಂಟೆಯೊಳಗೆ ನನ್ನದೇ ರಕ್ತದಲ್ಲಿ ನೋಡಿದ ಮೇಲೆ ಹನ್ನೊಂದನೇ ಸಲ ಹೇಳಿಸಿಕೊಳ್ಳಬೇಕಾಗಲಿಲ್ಲ.

ಸುಸಲಾ ವಿಷಯ ಹೇಳಲೇಬೇಕು. ಸಂಜೆ ಮಿಲ್‌ನಿಂದ ಬಂದು ಒಂದು ತಟ್ಟೆ ಸುಸಲಾ, ಅಂದರೆ ಚುರುಮುರಿ ನೆನೆಸಿ ಮಾಡಿದ ಒಗ್ಗರಣೆ, ತಿನ್ನುವುದು ನನ್ನ ರೂಢಿಯಾಗಿತ್ತು. ಚುರುಮುರಿ ಹಗುರ, ಏನೂ ಆಗಲ್ಲ ಅಂದುಕೊಂಡಿದ್ದೆ. ಮುಂಚೆ 118, ನಂತರ 221. ಉಬ್ಬಿದ ಅಕ್ಕಿ ಬೇಗ ಕರಗುತ್ತದೆ, ಬೇಗ ಸಕ್ಕರೆಯಾಗುತ್ತದೆ. ಈಗ ಒಂದು ಹಿಡಿ ಹುರಿದ ಶೇಂಗಾ, ಇಲ್ಲವೇ ಮೊಳಕೆ ಬಂದ ಮಡಕಿ ಕಾಳಿನ ಉಸುಳಿ. ಸುಸಲಾ ತಿಂಗಳಿಗೆ ಒಂದೆರಡು ಸಲ, ಸಣ್ಣ ತಟ್ಟೆಯಲ್ಲಿ, ಶೇಂಗಾ ಜಾಸ್ತಿ ಹಾಕಿ. ಚಹಾ ಲೆಕ್ಕಕ್ಕೆ ಮೀಟರೂ ಬೇಕಾಗಲಿಲ್ಲ. ಮಿಲ್‌ನಲ್ಲಿ ದಿನಕ್ಕೆ ಆರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ 48 ಗ್ರಾಂ, ಅಂದರೆ 190 ಕ್ಯಾಲರಿಗೂ ಮೇಲೆ. ಈಗ ಎರಡೇ ಚಹಾ, ಸಕ್ಕರೆ ಇಲ್ಲದ್ದು. ಒಂದು ತಿಂಗಳು ಕಷ್ಟವಾಯಿತು, ಆಮೇಲೆ ಸಿಹಿ ಚಹಾ ಬಾಯಿಗೆ ಅಂಟು ಅಂಟು ಅನ್ನಿಸತೊಡಗಿತು.

ತೂಕದ ಕಥೆ ಬೇರೆ. ಮೊದಲ ಮೂರು ತಿಂಗಳಲ್ಲಿ 88ರಿಂದ 84ಕ್ಕೆ ಇಳಿಯಿತು. ಆಮೇಲೆ ಐದು ತಿಂಗಳು ಅಲ್ಲೇ ನಿಂತುಬಿಟ್ಟಿತು. ದಿನಾ ತೂಕ ನೋಡುವುದೂ ಬೆಳಗಿನ ಶುಗರ್ ನೋಡಿದ ಹಾಗೆಯೇ. ಉಪ್ಪು ಜಾಸ್ತಿ ತಿಂದರೆ, ಹೊಟ್ಟೆ ಸರಿಯಾಗದಿದ್ದರೆ ಒಂದು ಕೆಜಿ ಆಚೀಚೆ ಆಗುತ್ತದೆ. ಹಾಗಾಗಿ ವಾರಕ್ಕೊಮ್ಮೆ, ಭಾನುವಾರ ಮಾತ್ರ ನೋಡಿ ಬರೆಯುತ್ತೇನೆ. ಜೊತೆಗೆ ಹೊಲಿಗೆಯ ಟೇಪ್‌ನಲ್ಲಿ ಸೊಂಟದ ಅಳತೆ. ತೂಕ ನಿಂತಿದ್ದ ಐದು ತಿಂಗಳಲ್ಲೂ ಸೊಂಟ 102 ಸೆಂಟಿಮೀಟರ್‌ನಿಂದ 98ಕ್ಕೆ ಬಂದಿತ್ತು. ಆಗ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಶುರು ಮಾಡಿದ್ದೆ, ಹದಿನೈದರಂತೆ ಮೂರು ಸಲ. ಈಗ ತೂಕ 79, ಸೊಂಟ 94. ನಮ್ಮ ದೇಶದ ಗಂಡಸರಿಗೆ 90ರ ಒಳಗಿರಬೇಕು ಅನ್ನುತ್ತಾರೆ, ಇನ್ನೂ ದಾರಿ ಇದೆ.

ಬೇಸಿಗೆಯಲ್ಲಿ ನಡೆಯುವುದು ನಮ್ಮೂರಲ್ಲಿ ಸುಲಭವಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ಬೆಳಿಗ್ಗೆ ಐದೂವರೆಗೆಲ್ಲ ಅಪ್ಪನ ಕೆರೆ ಹತ್ತಿರ ಇರುತ್ತೇನೆ, ಬಿಸಿಲು ಏರುವಷ್ಟರಲ್ಲಿ ಮನೆ. ರಾತ್ರಿ ಊಟದ ನಂತರದ ಇಪ್ಪತ್ತು ನಿಮಿಷ ಮಾಳಿಗೆಯ ಮೇಲೆ.

ನಡುವೆ ನಾಲ್ಕು ತಿಂಗಳು ಪೂರ್ತಿ ಬಿಟ್ಟುಬಿಟ್ಟಿದ್ದೆ. ಅದನ್ನು ಮುಚ್ಚಿಟ್ಟರೆ ಈ ವಿಮರ್ಶೆಗೆ ಬೆಲೆ ಇಲ್ಲ. 2023ರಲ್ಲಿ ಮಗಳು ಮೀಟರ್ ಜೊತೆ ಬರುವ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಬ್ಲೂಟೂತ್‌ನಲ್ಲಿ ಅಂಕಿ ತಾನೇ ಹೋಗುತ್ತದೆ, ಗ್ರಾಫ್ ಬರುತ್ತದೆ. ಅದರಲ್ಲಿ "ಸತತ ಇಷ್ಟು ದಿನ" ಅಂತ ಎಣಿಕೆ ಇತ್ತು. 61 ದಿನ ತಪ್ಪದೆ ನೋಡಿದೆ. ಅಷ್ಟರಲ್ಲಿ ಮಾವನವರು ತೀರಿಕೊಂಡರು, ಸೇಡಂಗೆ ಹೋದೆವು, ಮೀಟರ್ ಮನೆಯಲ್ಲೇ ಉಳಿಯಿತು. ವಾಪಸ್ ಬಂದು ನೋಡಿದರೆ ಎಣಿಕೆ ಸೊನ್ನೆ. ಎರಡು ತಿಂಗಳ ದುಡಿಮೆ ಅಳಿಸಿಹೋದಂತೆ ಅನ್ನಿಸಿತು. ನಾಳೆಯಿಂದ, ಸೋಮವಾರದಿಂದ, ಹಬ್ಬ ಮುಗಿದ ಮೇಲೆ ಅಂತ ಮುಂದೂಡುತ್ತಾ ಹೋದೆ. ಎಚ್‌ಬಿಎ1ಸಿ 7.2ಕ್ಕೆ ಇಳಿದಿದ್ದು 8.0ಕ್ಕೆ ಏರಿತು.

ಮತ್ತೆ ಶುರು ಮಾಡಿದ್ದು ಹಳೆಯ ಕಿರ್ದಿಯಿಂದ. ತೆರೆದು ನೋಡಿದರೆ ಬರೆದದ್ದೆಲ್ಲ ಹಾಗೇ ಇತ್ತು. ಯಾವ ಊಟಕ್ಕೆ ಎಷ್ಟು ಅಂತ ನಾನು ಕಲಿತದ್ದು ನಾಲ್ಕು ತಿಂಗಳ ಗೈರುಹಾಜರಿಯಿಂದ ಹೋಗಿರಲಿಲ್ಲ. ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದೆ. ಅವತ್ತಿನ ರಾತ್ರಿ ಊಟದ ಜೋಡಿ ಬರೆದೆ: 172, 219. ಅಂಕಿ ಕೆಟ್ಟದ್ದೇ. ಆದರೆ ಬರೆಯುವುದು ಕಷ್ಟವಾಗಲಿಲ್ಲ. ಆ್ಯಪನ್ನು ತೆಗೆದುಹಾಕಿದೆ. ಆರು ತಿಂಗಳ ನಂತರ 6.8 ಬಂತು, ಈಗಲೂ ಅದರ ಆಸುಪಾಸಿನಲ್ಲೇ ಇದೆ. ಸರಾಸರಿ ಶುಗರ್ ಲೆಕ್ಕದಲ್ಲಿ 9.1 ಅಂದರೆ ಸುಮಾರು 214, 6.8 ಅಂದರೆ ಸುಮಾರು 148.

ಇನ್ನು ಮೀಟರಿನ ಗುಣಾವಗುಣ. ಒಂದೇ ಬೆರಳಿಂದ ಒಂದರ ಹಿಂದೆ ಒಂದು ನೋಡಿದರೆ 148, 161 ಅಂತ ಬೇರೆ ಬೇರೆ ಬರಬಹುದು. ಇದು ಕೆಟ್ಟಿದೆ ಅಂತಲ್ಲ. ಮೀಟರುಗಳ ಅಂತರರಾಷ್ಟ್ರೀಯ ಮಾನದಂಡವೇ, 100ರ ಮೇಲಿನ ಅಂಕಿಗಳಲ್ಲಿ ನೂರಕ್ಕೆ 95 ಸಲ ಲ್ಯಾಬ್ ಅಂಕಿಗೂ ಮೀಟರಿಗೂ ಶೇಕಡ 15ರೊಳಗಿನ ವ್ಯತ್ಯಾಸ ಇದ್ದರೆ ಸರಿ ಅನ್ನುತ್ತದೆ. ಹಾಗಾಗಿ ಐದು, ಹತ್ತು ಅಂಕಿಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಒಂದೇ ಊಟವನ್ನು ಮೂರು ನಾಲ್ಕು ಸಲ ನೋಡಿದ ಮೇಲೆಯೇ ನಾನು ತೀರ್ಮಾನಕ್ಕೆ ಬರುತ್ತೇನೆ. ಊಟದ ನಂತರ ಬೆರಳಿನ ರಕ್ತದ ಅಂಕಿ ಲ್ಯಾಬ್‌ಗಿಂತ ಸ್ವಲ್ಪ ಜಾಸ್ತಿ ಬರುವುದೂ ಸಹಜ.

ಕೈ ತೊಳೆಯದೆ ನೋಡಲೇಬೇಡಿ. ಎಳ್ಳಮಾವಾಸ್ಯೆ ಹಿಂದಿನ ದಿನ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟಿಕೊಟ್ಟು ಹಾಗೇ ಚುಚ್ಚಿ ನೋಡಿದೆ, 268! ಎದೆ ಧಸಕ್ಕೆಂದಿತು. ಸೋಪು ಹಚ್ಚಿ ತೊಳೆದು, ಒರೆಸಿ ನೋಡಿದರೆ 151. ಬೆರಳಿಗೆ ಅಂಟಿದ್ದ ಬೆಲ್ಲವನ್ನೇ ಅಳೆದಿದ್ದೆ. ಬೆರಳ ತುದಿಯ ನಡುವೆ ಚುಚ್ಚುವ ಬದಲು ಪಕ್ಕಕ್ಕೆ ಚುಚ್ಚಿದರೆ ನೋವು ಕಮ್ಮಿ. ಸೂಜಿ ಪ್ರತಿ ಸಲ ಹೊಸದು, ಮನೆಯವರ ಜೊತೆಗೂ ಹಂಚಿಕೊಳ್ಳಬಾರದು.

ರಕ್ತದ ಹನಿ ಮುಟ್ಟಿಸಿ ಮೀಟರಿನಲ್ಲಿ ನೋಡುವ ಪಟ್ಟಿ, ಅಂದರೆ ಸ್ಟ್ರಿಪ್, ನಮ್ಮೂರಿನ ಬಿಸಿಲಿಗೆ ಬಹಳ ಸೂಕ್ಷ್ಮ. ನನ್ನ ಡಬ್ಬಿಯ ಮೇಲೆ 30 ಡಿಗ್ರಿ ಮೀರಬಾರದು ಅಂತ ಇದೆ. ಒಮ್ಮೆ ಏಪ್ರಿಲ್‌ನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಮರೆತ ಡಬ್ಬಿ ಪೂರ್ತಿ ಹಾಳಾಯಿತು. ಒಂದು ಸಲ ಎರರ್, ಇನ್ನೊಂದು ಸಲ ನಂಬಲಾಗದ ಅಂಕಿ. ಫ್ರಿಜ್ಜೂ ಬೇಡ, ತೇವ ಹಿಡಿಯುತ್ತದೆ. ಒಳಕೋಣೆಯ ಅಲಮಾರಿಯ ಕೆಳಗಿನ ಖಾನೆಯಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿ ಇಡುತ್ತೇನೆ. ತೆರೆದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದ್ದೆ, ಅವಧಿ ಮುಗಿಯಲು ಎರಡೇ ತಿಂಗಳಿತ್ತು. ಅರ್ಧ ವ್ಯರ್ಥವಾಯಿತು.

ಖರ್ಚಿನ ಭಾರ ಇರುವುದೇ ಸ್ಟ್ರಿಪ್‌ನಲ್ಲಿ. ನನಗೆ 50ರ ಡಬ್ಬಿ 950 ರೂಪಾಯಿಗೆ ಬೀಳುತ್ತದೆ, ಒಂದಕ್ಕೆ 19. ಶುರುವಿನಲ್ಲಿ ದಿನಕ್ಕೆ ನಾಲ್ಕು ಸಲ ನೋಡಿ ತಿಂಗಳಿಗೆ ಎರಡು ಸಾವಿರದ ಮೇಲೆ ಸುರಿದೆ. ಈಗ ವಾರದಲ್ಲಿ ನಾಲ್ಕು ದಿನ, ದಿನಕ್ಕೆ ಒಂದು ಜೋಡಿ. ತಿಂಗಳಿಗೆ 650 ರೂಪಾಯಿ ಆಸುಪಾಸು. ಬೆಳಗಿನದ್ದು ತಿಂಗಳಿಗೆ ಎರಡೇ ಸಲ. ಇನ್ಸುಲಿನ್ ತಗೊಳ್ಳುವವರಿಗೆ ಈ ಲೆಕ್ಕ ನಡೆಯದು, ಅವರು ಡಾಕ್ಟರ್ ಹೇಳಿದಷ್ಟು ಸಲ ನೋಡಲೇಬೇಕು.

ಮೀಟರಿಗೆ ಕೊಟ್ಟ ದುಡ್ಡು ಒಂದೇ ಮಧ್ಯಾಹ್ನ ವಸೂಲಾಯಿತು. ಊಟ ತಪ್ಪಿದರೆ ಶುಗರನ್ನು ಅತಿಯಾಗಿ ಇಳಿಸಬಲ್ಲ ಗ್ಲಿಮೆಪಿರೈಡ್ ತಗೊಂಡಿದ್ದೆ, ಮಿಲ್‌ನಲ್ಲಿ ಲೋಡ್ ಬಂದು ಊಟ ತಪ್ಪಿತು. ಮೂರು ಗಂಟೆಗೆ ಬೆವರು, ಕೈ ನಡುಕ. ಬಿಸಿಲಿನ ಆಯಾಸ ಅಂದುಕೊಂಡೆ. ಚೀಲದಲ್ಲಿದ್ದ ಮೀಟರಲ್ಲಿ ನೋಡಿದರೆ 62. ಎಪ್ಪತ್ತರ ಕೆಳಗೆ ಹೋದರೆ ಕೂಡಲೇ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ನೋಡುವುದು ಅಂತ ಡಾಕ್ಟರ್ ಕಲಿಸಿದ್ದರು. ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಸಿ ಕುಡಿದೆ, 94ಕ್ಕೆ ಬಂತು. ಆಮೇಲೆ ಊಟ. ಮರುದಿನ ಕಿರ್ದಿ ತೋರಿಸಿದಾಗ ಅವರು ಆ ಗುಳಿಗೆಯ ಪ್ರಮಾಣ ಇಳಿಸಿದರು, ತೂಕ ಇಳಿದ ಮೇಲೆ ಪೂರ್ತಿ ನಿಲ್ಲಿಸಿದರು. ಗುಳಿಗೆ ನಾನಾಗಿ ಎಂದೂ ಬಿಟ್ಟಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸ್ಟ್ರಿಪ್ ಬೆಲೆಗೆ ಒಂದು ಕಳೆದೆ. ಕೊಳ್ಳುವವರು ಮೀಟರಿನ ಬೆಲೆ ನೋಡುವ ಮೊದಲು ಅದರ ಸ್ಟ್ರಿಪ್ ನಿಮ್ಮ ಓಣಿಯ ಅಂಗಡಿಯಲ್ಲಿ ಸಿಗುತ್ತದಾ, ಎಷ್ಟಕ್ಕೆ ಸಿಗುತ್ತದೆ ಕೇಳಿ. ಹೋದ ತಿಂಗಳು ಚಿತ್ತಾಪುರದಲ್ಲಿರುವ ನನ್ನ ತಮ್ಮನಿಗೂ ಶುಗರ್ ಬಂತು. ಫೋನ್ ಮಾಡಿ "ಅಣ್ಣಾ, ಯಾವ ಮಶೀನ್ ತಗೋಳ್ಲಿ?" ಅಂದ. ಮೀಟರ್ ಕೊಂಡುಕೊಟ್ಟೆ, ಜೊತೆಗೆ ಒಂದು ಹೊಸ ಕಿರ್ದಿ. ಮೊದಲ ಪುಟಕ್ಕೆ ನಾನೇ ಗೆರೆ ಹಾಕಿ "ಮುಂಚೆ", "ನಂತರ" ಬರೆದುಕೊಟ್ಟಿದ್ದೇನೆ. ನಿನ್ನೆ ರಾತ್ರಿ ಅವನ ಮೊದಲ ಜೋಡಿ ಬಂತು. 165, 240. ಮೂರು ರೊಟ್ಟಿ, ನಡೆದಿಲ್ಲ. ಇವತ್ತು ಊಟದ ನಂತರ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾ ಇಪ್ಪತ್ತು ನಿಮಿಷ ನಡೆಯೋಣ ಅಂದಿದ್ದೇನೆ, ಅವನು ಅಲ್ಲಿ, ನಾನು ಇಲ್ಲಿ.