ಶಿಖರ, ತಿರುಗುವ ಮೇಜು, ದೋಣಿ, ಹುಲ್ಲುಗಾವಲು: ಇಂಟರ್‌ಲಾಕನ್ ಸುತ್ತ ನೋಟದೊಂದಿಗೆ ಊಟ

ಸ್ವಿಟ್ಜರ್ಲೆಂಡಿನಲ್ಲಿ ಹೊರಗೆ ಊಟ ಮಾಡುವುದು ದುಬಾರಿ ಎಂಬುದು ಅಲ್ಲಿಗೆ ಹೊರಟವರಿಗೆಲ್ಲ ಮೊದಲೇ ಗೊತ್ತಿರುವ ವಿಷಯ. ಇಂಟರ್‌ಲಾಕನ್ ಸುತ್ತಮುತ್ತ ಒಂದು ಸಾಧಾರಣ ಬಿಸಿ ಖಾದ್ಯಕ್ಕೆ 20ರಿಂದ 30 ಫ್ರಾಂಕ್ ಆಗುತ್ತದೆ. ಫ್ರಾಂಕಿಗೆ ನೂರು ರೂಪಾಯಿಗೂ ಹೆಚ್ಚು ಎಂದು ಲೆಕ್ಕ ಹಾಕಿದರೆ, ನಾಲ್ವರ ಕುಟುಂಬವೊಂದು ಕಾಫಿಯನ್ನೂ ಸೇರಿಸಿ ಒಂದು ಹೊತ್ತು ಉಂಡೇಳುವಷ್ಟರಲ್ಲಿ ಹತ್ತು ಸಾವಿರ ರೂಪಾಯಿ ದಾಟಿರುತ್ತದೆ. ಇಷ್ಟು ಕೊಟ್ಟ ಮೇಲೆ ಮೇಜಿನ ಎದುರಿಗೆ ಹಿಮಪರ್ವತವಾದರೂ ಇರಲಿ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಅನಿಸಿದ ನಾವು, ಅಂದರೆ ನಾನು, ನನ್ನ ಹೆಂಡತಿ, ಮಗಳು ಮತ್ತು ಮೊಟ್ಟೆಯನ್ನೂ ಮುಟ್ಟದ ಅಮ್ಮ, ಬೇರೆ ಬೇರೆ ಎತ್ತರಗಳಲ್ಲಿ ಊಟ ಮಾಡಿ ನೋಡಿದೆವು.

ಹೋಲಿಕೆಗೆ ಮುನ್ನ ಲೆಕ್ಕದ ವಿಷಯವೊಂದನ್ನು ಹೇಳಬೇಕು. ಶಿಖರದ ಮೇಲಿನ ಹೋಟೆಲುಗಳ ದರಪಟ್ಟಿ ಊರೊಳಗಿನ ಹೋಟೆಲುಗಳಿಗಿಂತ ನಾವು ಅಂಜಿದಷ್ಟು ಹೆಚ್ಚಿರಲಿಲ್ಲ. ನೋಟದ ಬೆಲೆಯ ಬಹುಪಾಲು ರೈಲಿನ ಅಥವಾ ಕೇಬಲ್ ಕಾರಿನ ಟಿಕೆಟ್ಟಿನಲ್ಲೇ ಸಂದಾಯವಾಗಿರುತ್ತದೆ. ಆದ್ದರಿಂದ ಒಂದು ಜಾಗದ ಊಟ ದುಬಾರಿಯೋ ಅಗ್ಗವೋ ಎಂದು ತೀರ್ಮಾನಿಸುವಾಗ ತಟ್ಟೆಯ ಬೆಲೆಯನ್ನಷ್ಟೇ ನೋಡದೆ, ಅಲ್ಲಿಗೆ ಹೋಗಲು ತೆತ್ತ ಹಣವನ್ನೂ, ಅಲ್ಲಿ ಎಷ್ಟು ಹೊತ್ತು ನೆಮ್ಮದಿಯಾಗಿ ಕುಳಿತು ಉಣ್ಣಬಹುದು ಎಂಬುದನ್ನೂ ಕೂಡಿಸಿಯೇ ತೂಗಬೇಕು. ಹೀಗೆ ತೂಗಿದಾಗ ಅತಿ ಎತ್ತರದ ಜಾಗಗಳು ಊಟದ ಮಟ್ಟಿಗೆ ಹಿಂದೆ ಬೀಳುತ್ತವೆ ಎಂಬುದೇ ನನ್ನ ಅಭಿಪ್ರಾಯ.

ಎಲ್ಲರೂ ಮೊದಲು ಹೋಗುವ ಯುಂಗ್‌ಫ್ರೌಯೋಖ್ ಅನ್ನೇ ತೆಗೆದುಕೊಳ್ಳೋಣ. 3,454 ಮೀಟರ್ ಎತ್ತರದ ಈ ನಿಲ್ದಾಣಕ್ಕೆ 1912ರಿಂದ ರೈಲು ಓಡುತ್ತಿದೆ. ರಿಯಾಯಿತಿ ಕಾರ್ಡು ಇಲ್ಲದಿದ್ದರೆ ಇಂಟರ್‌ಲಾಕನ್‌ನಿಂದ ಹೋಗಿಬರುವ ಖರ್ಚು ತಲೆಗೆ 200 ಫ್ರಾಂಕ್ ಮೀರುತ್ತದೆ. ಭಾರತೀಯ ಪ್ರವಾಸಿ ತಂಡಗಳು ಇಲ್ಲಿಗೆ ಎಷ್ಟು ಬರುತ್ತವೆಂದರೆ ಮೇಲ್ಗಡೆ ಭಾರತೀಯ ಊಟದ ವ್ಯವಸ್ಥೆಯೇ ಇದೆ. ಹಿಮದ ನಡುವೆ ಅನ್ನ, ದಾಲ್, ಪಲ್ಯ ಕಂಡ ಅಮ್ಮನ ಮುಖ ಅರಳಿದ್ದನ್ನು ನಾನು ಅಲ್ಲಗಳೆಯಲಾರೆ. ಆದರೆ ಎತ್ತರಕ್ಕೆ ತನ್ನದೇ ಆದ ನಿಯಮಗಳಿವೆ. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗಕ್ಕೆ ಇಳಿದಿರುತ್ತದೆ, ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಹಸಿವು ಮಂದವಾಗುತ್ತದೆ. ನನ್ನ ಹೆಂಡತಿ ಅರ್ಧ ತಟ್ಟೆಗೇ ಕೈ ತೊಳೆದಳು, ತಲೆ ಭಾರ ಎಂದು ಮಗಳು ಬರೀ ನೀರು ಕುಡಿದಳು.

ನೋಟದ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅಂಚೆಚೀಟಿಗಳಲ್ಲೂ ಚಾಕೊಲೇಟ್ ಡಬ್ಬಿಗಳಲ್ಲೂ ಕಾಣುವ ಐಗರ್, ಮೋಂಖ್, ಯುಂಗ್‌ಫ್ರೌ ಎಂಬ ಮೂರು ಶಿಖರಗಳ ಸಾಲು ಅಲ್ಲಿಂದ ಕಾಣುವುದಿಲ್ಲ, ಏಕೆಂದರೆ ನೀವು ಆಗ ಮೋಂಖ್ ಮತ್ತು ಯುಂಗ್‌ಫ್ರೌಗಳ ನಡುವಿನ ತಗ್ಗಿನಲ್ಲಿ, ಆ ಚಿತ್ರದ ಒಳಗೇ ಇರುತ್ತೀರಿ. ಅಲ್ಲಿ ನೋಡಬೇಕಾದದ್ದು ದಕ್ಷಿಣಕ್ಕೆ ಹರಡಿಕೊಂಡಿರುವ, ಆಲ್ಪ್ಸ್ ಪರ್ವತಗಳಲ್ಲೇ ಅತಿ ಉದ್ದದ ಆಲೆಚ್ ಹಿಮನದಿ. ಅದನ್ನು ವೀಕ್ಷಣಾ ಕಟ್ಟೆಯ ಮೇಲೆ ಚಳಿಯಲ್ಲಿ ನಿಂತು ನೋಡಿದರೆ ಆಗುವ ಅನುಭವದ ಕಾಲು ಭಾಗವೂ ಮೇಜಿನ ಮುಂದೆ ಕುಳಿತು ನೋಡಿದರೆ ಆಗದು. ಇಷ್ಟೊಂದು ಹಣ ಕೊಟ್ಟು ಹತ್ತಿದ ಜಾಗದಲ್ಲಿ ಸಿಗುವ ಎರಡು ಮೂರು ಗಂಟೆಗಳಲ್ಲಿ ಒಂದು ಗಂಟೆಯನ್ನು ಊಟದ ಸರದಿಗೆ ಕೊಡುವುದು ನನಗೆ ನಷ್ಟದ ವ್ಯಾಪಾರವಾಗಿ ಕಂಡಿತು. ಒಂದು ಬಿಸಿ ಸೂಪು ಕುಡಿದು, ಚೀಲದಲ್ಲಿ ತಂದ ಬ್ರೆಡ್ಡು ತಿಂದು ಹೊರಗೆ ಬರುವುದೇ ಮೇಲು.

ಶಿಲ್ಟ್‌ಹಾರ್ನ್‌ನ ಆಕರ್ಷಣೆ ಬೇರೆ ಬಗೆಯದು. 2,970 ಮೀಟರ್ ಎತ್ತರದ ಆ ಶಿಖರದ ತುದಿಯಲ್ಲಿ ಪಿಟ್ಸ್ ಗ್ಲೋರಿಯಾ ಎಂಬ ತಿರುಗುವ ರೆಸ್ಟೋರೆಂಟ್ ಇದೆ. ಜೇಮ್ಸ್ ಬಾಂಡ್ ಚಿತ್ರವೊಂದರ ಚಿತ್ರೀಕರಣದಿಂದ ಅದು 1969ರಲ್ಲಿ ಲೋಕಪ್ರಸಿದ್ಧವಾಯಿತು, ಆ ನಂಟನ್ನು ಇಂದಿಗೂ ಅಲ್ಲಿಯ ತಿಂಡಿಯ ಹೆಸರಿನವರೆಗೆ ಎಳೆದುಕೊಂಡು ಬಂದಿದ್ದಾರೆ. ಒಂದು ಪೂರ್ಣ ಸುತ್ತಿಗೆ ಸುಮಾರು 45 ನಿಮಿಷ. ಲೌಟರ್‌ಬ್ರುನೆನ್ ಕಣಿವೆಯ ಆಚೆ ದಡದಲ್ಲಿ ಮೂರೂ ಶಿಖರಗಳು ಒಟ್ಟಿಗೆ ಕಾಣುವುದರಿಂದ ನೋಟದ ದೃಷ್ಟಿಯಿಂದ ಇದು ಯುಂಗ್‌ಫ್ರೌಯೋಖ್‌ಗಿಂತ ಮಿಗಿಲು. ತಿರುಗುವ ಮೇಜಿನ ತೊಡಕೆಂದರೆ ನೋಟಕ್ಕೂ ಊಟಕ್ಕೂ ತಾಳ ಕೂಡುವುದಿಲ್ಲ. ಶಿಖರಗಳು ಎದುರಿಗಿದ್ದಾಗ ನೀವು ಮೆನು ಓದುತ್ತಿರುತ್ತೀರಿ. ತಟ್ಟೆ ಬರುವ ಹೊತ್ತಿಗೆ ಮೇಜು ಹಸಿರು ಬಯಲಿನ ಕಡೆಗೆ ತಿರುಗಿರುತ್ತದೆ. ಮತ್ತೆ ಐಗರ್ ಬರುವಾಗ ಬಿಲ್ಲೂ ಬರುತ್ತದೆ. ಮಗಳಿಗೆ ಮಾತ್ರ ಇದೇ ಎಲ್ಲಕ್ಕಿಂತ ಇಷ್ಟವಾಯಿತು, ಹತ್ತು ವರ್ಷದವರಿಗೆ ಅದು ಸಹಜ. ದೊಡ್ಡವರಿಗೆ ನಾನು ಹೇಳುವುದು ಇಷ್ಟೇ: ಬೆಳಗಿನ ತಿಂಡಿಗೆ ಹೋಗಿ, ಏಕೆಂದರೆ ತಾವೇ ಬಡಿಸಿಕೊಳ್ಳುವ ತಿಂಡಿಯನ್ನು ಒಂದು ಸುತ್ತು ಮುಗಿಯುವವರೆಗೂ ಎಳೆಯಬಹುದು, ಬೇಸಿಗೆಯಲ್ಲಿ ಮೋಡಗಳು ಮಧ್ಯಾಹ್ನದ ಹೊತ್ತಿಗೇ ಹೆಚ್ಚಾಗಿ ಏಳುವುದರಿಂದ ಬೆಳಗಿನ ಆಕಾಶ ತಿಳಿಯಾಗಿರುವ ಸಂಭವವೂ ಜಾಸ್ತಿ.

ಪರ್ವತದ ಎದುರು ಕುಳಿತು ಬಿಸಿಬಿಸಿ ಊಟ ಮಾಡಬೇಕು ಎಂಬ ಆಸೆ ನಿಜವಾಗಿ ತೀರಿದ್ದು ಕ್ಲೈನೆ ಶೈಡೆಗ್‌ನಲ್ಲಿ. 2,061 ಮೀಟರ್ ಎತ್ತರದ ಈ ಕಣಿವೆದಾರಿಯಲ್ಲಿ ಯುಂಗ್‌ಫ್ರೌಯೋಖ್‌ಗೆ ಹೋಗುವ ಹಲ್ಲುಪಟ್ಟಿಯ ರೈಲು ಹೊರಡುತ್ತದೆ. ಶಿಖರಕ್ಕೆ ಹೋಗುವವರು ಇಲ್ಲಿ ಗಾಡಿ ಬದಲಿಸಿ ಓಡುತ್ತಾರೆ, ಉಳಿಯುವವರು ಕಡಿಮೆ. ನಿಲ್ದಾಣದ ಸುತ್ತಲಿನ ಜಗಲಿಗಳಲ್ಲಿ ಮರದ ಬೆಂಚುಗಳಿವೆ. ಕುಳಿತವರ ಎದುರಿಗೆ ಐಗರ್‌ನ ಉತ್ತರದ ಗೋಡೆ ಸುಮಾರು 1,800 ಮೀಟರ್ ನೇರವಾಗಿ ಎದ್ದು ನಿಂತಿರುತ್ತದೆ. 1938ರಲ್ಲಿ ಮೊದಲ ಬಾರಿ ಆ ಗೋಡೆಯನ್ನು ಹತ್ತುವ ಮುನ್ನ ಅನೇಕರು ಅಲ್ಲಿ ಪ್ರಾಣ ಕಳೆದುಕೊಂಡಿದ್ದರು, ಮತ್ತು ಆ ಕಾಲದ ಪ್ರವಾಸಿಗಳು ಇದೇ ಜಗಲಿಗಳಿಂದ ದುರ್ಬೀನು ಹಾಕಿ ಅದನ್ನೆಲ್ಲ ನೋಡುತ್ತಿದ್ದರು. ಊಟದ ಜೊತೆಗಿನ ನೋಟಕ್ಕೆ ಇಂಥದ್ದೊಂದು ಚರಿತ್ರೆಯೂ ಇದೆ ಎಂದು ತಿಳಿದ ಮೇಲೆ ತುತ್ತು ಸ್ವಲ್ಪ ನಿಧಾನವಾಗುತ್ತದೆ.

ಇಲ್ಲಿ ನಾವು ತಿಂದದ್ದು ರೋಸ್ಟಿ. ತುರಿದ ಆಲೂಗೆಡ್ಡೆಯನ್ನು ಬೆಣ್ಣೆಯಲ್ಲಿ ದಪ್ಪ ರೊಟ್ಟಿಯಂತೆ ಹುರಿದು, ಮೇಲೆ ಗಿಣ್ಣು, ಅಂದರೆ ಚೀಸ್ ಕರಗಿಸಿ, ಕಬ್ಬಿಣದ ಬಾಣಲೆಯಲ್ಲೇ ತಂದಿಡುತ್ತಾರೆ. ಅಂಚು ಗರಿಗರಿಯಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ನಡುವೆ ಮೆತ್ತಗೆ. ಬೇಸಿಗೆಯಲ್ಲೂ ಆರು ಡಿಗ್ರಿ ಇದ್ದ ಆ ಮಧ್ಯಾಹ್ನ ಬಾಣಲೆಯ ತಳದ ಶಾಖ ಕೊನೆಯ ತುತ್ತಿನವರೆಗೂ ಉಳಿದಿತ್ತು. ಅಮ್ಮ ತಾವು ತಂದ ಶೇಂಗಾ ಚಟ್ನಿಪುಡಿಯನ್ನು ಅದರ ಮೇಲೆ ಉದುರಿಸಿಕೊಂಡು, "ಈಗ ಬಾಯಿಗೆ ಹತ್ತಿತು ನೋಡು" ಎಂದರು. ಹಳದಿ ಕೊಕ್ಕಿನ ಕಪ್ಪು ಹಕ್ಕಿಗಳು ಬೆಂಚಿನ ಅಂಚಿಗೇ ಬಂದು ಕೂರುತ್ತವೆ. ಬ್ರೆಡ್ಡನ್ನು ಬಿಟ್ಟು ಅತ್ತಿತ್ತ ತಿರುಗುವಂತಿಲ್ಲ.

ಸಸ್ಯಾಹಾರಿಗಳು ಎಚ್ಚರವಹಿಸಬೇಕಾದ ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ರೋಸ್ಟಿಗೆ ಹಂದಿಮಾಂಸದ ಚೂರು ಸೇರಿಸುವ ರೂಢಿ ವ್ಯಾಪಕವಾಗಿರುವುದರಿಂದ "ಓನೆ ಸ್ಪೆಕ್" ಎಂದು ಮೊದಲೇ ಹೇಳಬೇಕು. ಮ್ಯಾಕರೋನಿ, ಆಲೂಗೆಡ್ಡೆ, ಕೆನೆ, ಗಿಣ್ಣು ಬೆರೆಸಿ ಸೇಬಿನ ಗೊಜ್ಜಿನೊಂದಿಗೆ ಕೊಡುವ ಎಲ್ಪ್ಲರ್‌ಮಾಗ್ರೋನೆನ್‌ಗೂ ಇದೇ ಮಾತು. ತರಕಾರಿ ಸೂಪಿನ ಬುಡದಲ್ಲಿ ಮಾಂಸದ ಸಾರು ಇರಬಹುದು. ಕರಗಿಸಿದ ಗಿಣ್ಣಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡೂವಿಗೆ ಬಿಳಿ ವೈನು ಬೀಳುತ್ತದೆ, ಗ್ರುಯೇರ್ ಗಿಣ್ಣಿಗೆ ಹೆಪ್ಪು ಹಾಕುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಇದನ್ನು ಲೆಕ್ಕಕ್ಕೆ ಹಿಡಿಯುವ ಮನೆಗಳು ಆಲೂಗೆಡ್ಡೆ ಮತ್ತು ಸಾಲಡ್‌ಗೆ ತೃಪ್ತಿಪಡಬೇಕಾಗುತ್ತದೆ. ಹಳ್ಳಿಗಳ ಅನೇಕ ಅಡುಗೆಮನೆಗಳು ಮಧ್ಯಾಹ್ನ ಎರಡರ ಸುಮಾರಿಗೆ ಒಲೆ ಆರಿಸಿ ಸಂಜೆಗೆ ಮತ್ತೆ ಹಚ್ಚುವುದರಿಂದ, ನಮ್ಮ ಅಭ್ಯಾಸದಂತೆ ಮೂರು ಗಂಟೆಗೆ ಊಟಕ್ಕೆ ಹೋದರೆ ತಣ್ಣನೆಯ ತಿನಿಸಷ್ಟೇ ಸಿಕ್ಕೀತು.

ಸರೋವರದ ದಡದ ಹೋಟೆಲುಗಳ ಬಗ್ಗೆ ಹೆಚ್ಚು ಬರೆಯುವಷ್ಟಿಲ್ಲ. ಹೆಸರು ಹೇಳಬಯಸದ ಒಂದು ಕಡೆ ನೀರಿನಂಚಿನ ಮೇಜುಗಳೆಲ್ಲ ಖಾಲಿ ಇದ್ದರೂ, ನಾವು ಪೂರ್ತಿ ಊಟ ಹೇಳುವುದಿಲ್ಲವೆಂದು ತಿಳಿದ ಕೂಡಲೇ ಅಡುಗೆಮನೆಯ ಬಾಗಿಲ ಬಳಿ ಕೂರಿಸಿದರು. ನಲ್ಲಿ ನೀರಿಗೂ ಬಿಲ್ಲಿನಲ್ಲಿ ಒಂದು ಸಾಲು ಇತ್ತು. ದಡದಲ್ಲಿ ಉಣ್ಣುವುದಾದರೆ ಮೇಜು ಕಾದಿರಿಸುವಾಗಲೇ ನೀರಿನ ಕಡೆಯದು ಬೇಕೆಂದು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಅದಕ್ಕಿಂತ ಒಳ್ಳೆಯದು ಸರೋವರದ ಮೇಲೆಯೇ ಉಣ್ಣುವುದು. ಇಂಟರ್‌ಲಾಕನ್ ವೆಸ್ಟ್‌ನಿಂದ ಟೂನ್ ಸರೋವರದ ಮೇಲೆ ಟೂನ್ ಊರಿಗೆ ಹೋಗುವ ದೋಣಿ ಎರಡು ಗಂಟೆಗೂ ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಪ್ರಯಾಣಕ್ಕೆ ಬೇರೆ ಟಿಕೆಟ್ ಬೇಡ, ಊಟದ ಹಣವಷ್ಟೇ. ಅದೃಷ್ಟವಿದ್ದರೆ 1906ರ ಬ್ಲ್ಯೂಮ್ಲಿಸಾಲ್ಪ್ ಎಂಬ ಹಬೆಯ ಹಡಗು ಸಿಗುತ್ತದೆ. ಅದರ ನಡುಭಾಗದಲ್ಲಿ ಯಂತ್ರವನ್ನು ಮುಚ್ಚದೆ ಬಿಟ್ಟಿದ್ದಾರೆ: ಹೊಳೆಯುವ ಉಕ್ಕಿನ ತೋಳುಗಳು ಒಂದೊಂದಾಗಿ ಮುಂದೆ ಚಾಚಿ ಹಿಂದೆ ಸರಿಯುತ್ತವೆ, ಬೆಚ್ಚನೆಯ ಎಣ್ಣೆಯ ವಾಸನೆ ಮೇಲಕ್ಕೆ ಬರುತ್ತದೆ, ಗಾಲಿಯ ಹಲಗೆಗಳು ನೀರನ್ನು ಬಡಿಯುವ ಸದ್ದು ಊಟದ ಕೋಣೆಯ ನೆಲದಲ್ಲಿ ಅಂಗಾಲಿಗೆ ತಿಳಿಯುತ್ತದೆ. ಇಲ್ಲಿಯೂ ನೋಟ ಚಲಿಸುತ್ತದೆ, ಆದರೆ ಹೊಸ ಹೊಸದಾಗಿ; ನೀಸನ್ ಎಂಬ ಗೋಪುರದಾಕಾರದ ಬೆಟ್ಟ ಸಮೀಪಿಸುತ್ತದೆ, ಸ್ಪೀಟ್ಸ್ ಮತ್ತು ಓಬರ್‌ಹೋಫನ್ ಕೋಟೆಗಳು ದಾಟುತ್ತವೆ, ಹಿಂದೆ ತಿರುಗಿದರೆ ಹಿಮದ ಶಿಖರಗಳು ಇನ್ನೂ ಅಲ್ಲೇ ಇರುತ್ತವೆ. ಮೇಲಿನ ಅಟ್ಟ ಮೊದಲ ದರ್ಜೆಯವರಿಗೆ ಮೀಸಲು. ಎರಡನೆಯ ದರ್ಜೆಯ ಹಿಂಭಾಗದ ಬಯಲು ಜಾಗವೇ ನಮಗೆ ಸಾಕೆನಿಸಿತು. ಎಬ್ಬಿಸುವವರಿಲ್ಲ, ಸರದಿಯಿಲ್ಲ, ಉಸಿರು ಹಿಡಿಯುವುದಿಲ್ಲ. ಎಲ್ಲ ಲೆಕ್ಕವನ್ನೂ ಕೂಡಿದರೆ ನನ್ನ ಮೊದಲ ಆಯ್ಕೆ ಇದು. ಬ್ರಿಯೆನ್ಜ್ ಸರೋವರದ ನೀಲಿಹಸಿರು ಬಣ್ಣ ಇನ್ನೂ ಚೆಲುವು, ಹಿಮನದಿ ಅರೆದ ಕಲ್ಲಿನ ನುಣುಪು ಹುಡಿ ನೀರಿನಲ್ಲಿ ತೇಲುವುದರಿಂದ ಬರುವ ಬಣ್ಣವದು; ಅಲ್ಲಿಯ ಪ್ರಯಾಣ ಒಂದೂಕಾಲು ಗಂಟೆಯಷ್ಟೇ ಆದ್ದರಿಂದ ಕಾಫಿಗೆ ಸರಿ, ಊಟಕ್ಕೆ ಅವಸರ.

ಇನ್ನು ಒಂದು ಫ್ರಾಂಕನ್ನೂ ನೋಟಕ್ಕೆಂದು ಕೊಡದ ಆಯ್ಕೆ. ಇಂಟರ್‌ಲಾಕನ್ ನಡುವೆ ಹ್ಯೋಹೆಮಾಟೆ ಎಂಬ ಮೂವತ್ತೈದು ಎಕರೆಯ ಹುಲ್ಲುಗಾವಲಿದೆ. ಯುಂಗ್‌ಫ್ರೌ ನೋಟಕ್ಕೆ ಅಡ್ಡವಾಗಿ ಕಟ್ಟಡಗಳು ಏಳಬಾರದೆಂದು 1864ರಲ್ಲಿ ಹೋಟೆಲು ಮಾಲೀಕರೂ ಊರಿನ ಇತರರೂ ಸೇರಿ ಅದನ್ನು ಕೊಂಡು ಬಯಲಾಗಿಯೇ ಉಳಿಸಿದರು. ತಮ್ಮ ಕಿಟಕಿಗಳ ವ್ಯಾಪಾರಕ್ಕಾಗಿ ಅವರು ಕೊಂಡ ನೋಟದ ಫಲ ಇಂದು ಬೆಂಚಿನ ಮೇಲೆ ಬುತ್ತಿ ಬಿಚ್ಚುವವರಿಗೂ ಸಿಗುತ್ತಿದೆ. ನಾವು ಇಳಿದುಕೊಂಡಿದ್ದ ಮನೆಯಲ್ಲಿ ಅನ್ನ ಮಾಡಿ, ಕೂಪ್ ಅಂಗಡಿಯ ಸಾದಾ ಮೊಸರು ಕಲಸಿ, ಒಗ್ಗರಣೆ ಹಾಕಿ ಡಬ್ಬಿಯಲ್ಲಿ ತಂದಿದ್ದೆವು. ನಾಲ್ವರ ಊಟ ಹತ್ತು ಫ್ರಾಂಕಿನೊಳಗೆ ಮುಗಿಯಿತು. ಪ್ಯಾರಾಗ್ಲೈಡರುಗಳು ತಲೆಯ ಮೇಲಿಂದ ಬಂದು ಅದೇ ಹುಲ್ಲಿನ ಮೇಲೆ ಇಳಿಯುವುದನ್ನು ನೋಡುತ್ತ ಮಗಳು ಎರಡನೆಯ ಸಲ ಹಾಕಿಸಿಕೊಂಡಳು. ಮಾಡಿಕೊಳ್ಳುವ ವ್ಯವಸ್ಥೆ ಇಲ್ಲದವರು ಕಟ್ಟಿಸಿಕೊಂಡು ಬರಬಹುದು. ಕುಳಿತು ಉಂಡರೆ ಬೆಲೆಯಲ್ಲಿ ಸೇರಿರುವ ತೆರಿಗೆ 8.1 ಶೇಕಡಾ, ಕಟ್ಟಿಸಿಕೊಂಡರೆ 2.6. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು. ಟಿಪ್ಸ್ ಕೊಡಲೇಬೇಕೆಂಬ ಒತ್ತಡ ಆ ದೇಶದ ಹೋಟೆಲುಗಳಲ್ಲಿಲ್ಲ. ಸೇವಾಶುಲ್ಕ ಬೆಲೆಯಲ್ಲೇ ಸೇರಿದೆ, ಚಿಲ್ಲರೆ ಬಿಟ್ಟುಬಂದರೆ ಸಾಕು.

ಸಂಜೆಯ ಊಟಕ್ಕೆ ಹಾರ್ಡರ್ ಕುಲ್ಮ್ ಒಂದನ್ನೇ ಹೇಳುತ್ತೇನೆ. ಊರಿನಿಂದ ಹತ್ತು ನಿಮಿಷದಲ್ಲಿ 1,322 ಮೀಟರ್ ಎತ್ತರಕ್ಕೆ ತಂತಿ ಎಳೆಯುವ ರೈಲು ಒಯ್ಯುತ್ತದೆ; ಎರಡೂ ಸರೋವರಗಳು ಕಾಲಡಿಯಲ್ಲಿ, ಮೂರೂ ಶಿಖರಗಳು ಎದುರಿನಲ್ಲಿ, ಇಳಿಬಿಸಿಲು ಅವುಗಳ ಮೇಲೆ. ಜನಸಂದಣಿ ಇರುತ್ತದೆ, ಕೊನೆಯ ಗಾಡಿಯ ವೇಳೆಯನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಬೇಕು.

ಮೋಡ ಕವಿದ ದಿನ ಈ ಆಯ್ಕೆಗಳಲ್ಲಿ ಬಹುಪಾಲು ಕುಸಿದುಬೀಳುತ್ತವೆ. ಯುಂಗ್‌ಫ್ರೌಯೋಖ್ ಮತ್ತು ಶಿಲ್ಟ್‌ಹಾರ್ನ್ ಎರಡರಲ್ಲೂ ಕಿಟಕಿಯಾಚೆ ಬರೀ ಬಿಳುಪು, ಕ್ಲೈನೆ ಶೈಡೆಗ್‌ನಲ್ಲಿ ಐಗರ್ ಅರ್ಧಕ್ಕೆ ಕತ್ತರಿಸಿದಂತೆ, ಹ್ಯೋಹೆಮಾಟೆಯ ಬೆಂಚು ಒದ್ದೆ. ದೋಣಿ ಮಾತ್ರ ಮೋಡದ ಕೆಳಗೇ ಸಾಗುವುದರಿಂದ ದಡದ ಊರುಗಳೂ ಕೋಟೆಗಳೂ ಕಾಣುತ್ತಲೇ ಇರುತ್ತವೆ. ಶಿಖರಗಳ ನೇರ ಕ್ಯಾಮೆರಾ ಚಿತ್ರ ನಿಲ್ದಾಣದ ಪರದೆಗಳಲ್ಲೂ ಫೋನಿನಲ್ಲೂ ಸಿಗುತ್ತದೆ. ಎತ್ತರದ ಟಿಕೆಟ್ಟನ್ನು ಬೆಂಗಳೂರಿನಲ್ಲಿ ಕುಳಿತೇ ಕೊಳ್ಳದೆ, ಆ ಚಿತ್ರವನ್ನೂ ಮರುದಿನದ ಹವಾಮಾನವನ್ನೂ ನೋಡಿ ಹಿಂದಿನ ಸಂಜೆ ಕೊಳ್ಳಿ, ಮೋಡವಿದ್ದರೆ ಮಧ್ಯಾಹ್ನದ ದೋಣಿಗೆ ಹೋಗಿ.